ಓಡಿದ ಪ್ರೋಗ್ರಾಮೆಲ್ಲ ಸರಿಯಲ್ಲ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಹೊರಡುವ ಜಾಗದಿಂದಲೇ ಶುರುಮಾಡಿ ಕಿಲೋಮೀಟರಿಗೊಂದರಂತೆ ಕಲ್ಲು ನೆಡುತ್ತ ಹೋದರೆ ಹರಿಹರ ಮುಟ್ಟುವಷ್ಟರಲ್ಲಿ ಎಷ್ಟು ಕಲ್ಲು ಬೇಕು? ತಟ್ಟನೆ 14 ಎನ್ನುವವರೇ ಹೆಚ್ಚು. ಬೇಕಾದದ್ದು 15, ಸೊನ್ನೆಯ ಕಲ್ಲು ಲೆಕ್ಕದಿಂದ ಜಾರಿಹೋಗುತ್ತದೆ. ಕಂಪ್ಯೂಟರಿನಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ 'ಲೂಪ್' ಬರೆಯುವ ವಿದ್ಯಾರ್ಥಿಗಳು ಮೊದಲು ಎಡವುವುದೂ ಇಲ್ಲಿಯೇ.

ಆರಂಭಿಕರಿಗೆ ಕೊಡುವ ಒಂದು ಹೆಸರಾಂತ ಅಭ್ಯಾಸವಿದೆ. 1ರಿಂದ 100ರವರೆಗೆ ಸಂಖ್ಯೆಗಳನ್ನು ಮುದ್ರಿಸಬೇಕು. 3ರಿಂದ ನಿಶ್ಶೇಷವಾಗಿ ಭಾಗವಾದರೆ ಸಂಖ್ಯೆಯ ಬದಲು 'ಫಿಜ್', 5ರಿಂದ ಆದರೆ 'ಬಜ್', ಎರಡರಿಂದಲೂ ಆದರೆ 'ಫಿಜ್‌ಬಜ್'. ಕೆಲಸದ ಸಂದರ್ಶನಗಳಲ್ಲೂ ಇದನ್ನು ಕೇಳುವುದುಂಟು. ಪ್ರೋಗ್ರಾಂ ಓಡುತ್ತದೆ, ಪರದೆಯ ತುಂಬ ಸಾಲುಗಳು ಬರುತ್ತವೆ, ಹುಡುಗ ಲ್ಯಾಬ್ ರೆಕಾರ್ಡ್ ಬರೆದು ಮುಗಿಸುತ್ತಾನೆ. ಆದರೆ 3ರ ಪ್ರಶ್ನೆಯನ್ನು ಮೊದಲು ಕೇಳಿ, ಅದಾಗದಿದ್ದರೆ ಮಾತ್ರ ಉಳಿದವನ್ನು ಕೇಳುವಂತೆ ಬರೆದಿದ್ದರೆ 15 ಬಂದಾಗ ಬರೀ 'ಫಿಜ್' ಎಂದು ಮುಂದೆ ಹೋಗುತ್ತದೆ. ಪೈಥಾನ್ ಭಾಷೆಯಲ್ಲಿ ರೇಂಜ್(1, 100) ಎಂದರೆ ಎಣಿಕೆ 99ಕ್ಕೇ ನಿಲ್ಲುತ್ತದೆ. ನೂರು ಸಾಲಿನ ನಡುವೆ ಇವು ಯಾರ ಕಣ್ಣಿಗೆ ಬಿದ್ದಾವು?

ಇದಕ್ಕೆ ಮದ್ದು 'ಯೂನಿಟ್ ಟೆಸ್ಟ್'. ಶಾಲೆಯ ಕಿರುಪರೀಕ್ಷೆಗೂ ಇದೇ ಹೆಸರು. ಇಲ್ಲಿ ಪರೀಕ್ಷೆಗೆ ಕೂರುವುದು ಮಾತ್ರ ಪ್ರೋಗ್ರಾಂ. ಮೊದಲು, ಒಂದು ಸಂಖ್ಯೆಗೆ ಒಂದು ಉತ್ತರ ಕೊಡುವ ಭಾಗವನ್ನು ಮುದ್ರಿಸುವ ಭಾಗದಿಂದ ಬೇರ್ಪಡಿಸಿ ಒಂದು ಫಂಕ್ಷನ್ ಮಾಡಬೇಕು. ಆಮೇಲೆ ಇನ್ನೊಂದು ಪುಟ್ಟ ಪ್ರೋಗ್ರಾಂ ಅದಕ್ಕೆ 1, 3, 5, 15, 100 ಕೊಟ್ಟು, ಬಂದ ಉತ್ತರವನ್ನು ಸರಿಯುತ್ತರದ ಜೊತೆ ಹೋಲಿಸುತ್ತದೆ. ಒಟ್ಟು ಸಾಲು ನೂರೇ ಇವೆಯೇ, ಕೊನೆಯದು 'ಬಜ್' ಹೌದೇ ಎಂದೂ ನೋಡುತ್ತದೆ. ಸರಿಯುತ್ತರವನ್ನು ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಪರದೆಯಿಂದ ನಕಲು ಮಾಡಿದರೆ ತಪ್ಪೂ ನಕಲಾಗುತ್ತದೆ.

ಹರಿಹರದವರಿಗೆ ಇದು ಹೊಸದೇನಲ್ಲ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಲೇತ್ ಕೆಲಸ ಬಲ್ಲವರು ತೂತಿನ ಅಳತೆ ನೋಡಲು ಎರಡು ತುದಿಯ ಗೇಜ್ ಬಳಸುತ್ತಾರೆ. 'ಗೋ' ತುದಿ ಒಳಗೆ ಹೋಗಲೇಬೇಕು, 'ನೋ ಗೋ' ತುದಿ ಹೋಗಲೇಬಾರದು. ನಡುವಿನ ಅಳತೆ ಎಷ್ಟಾದರೂ ಇರಲಿ, ಹಿಡಿಯುವುದು ಎರಡು ಅಂಚುಗಳನ್ನು.

ಅಂಚು ಮರೆತರೆ ಏನಾದೀತು? 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್‌ನ 30 ಜಿಬಿಯ 'ಝೂನ್' ಸಂಗೀತ ಯಂತ್ರಗಳು ಇದ್ದಕ್ಕಿದ್ದಂತೆ ಸ್ತಬ್ಧವಾದವು. ಒಳಗಿದ್ದ ಲೂಪ್, ದಿನಗಳ ಸಂಖ್ಯೆ 365ಕ್ಕಿಂತ ಹೆಚ್ಚಿರುವ ತನಕ ವರ್ಷವರ್ಷದ ದಿನಗಳನ್ನು ಕಳೆಯುತ್ತ ಸುತ್ತಬೇಕು. ಅಧಿಕ ವರ್ಷವಾದರೆ 366ಕ್ಕಿಂತ ಹೆಚ್ಚಿದ್ದಾಗ ಮಾತ್ರ ಕಳೆಯಬೇಕು. ಆ ದಿನ ಉಳಿದದ್ದು ಸರಿಯಾಗಿ 366. ಕಳೆಯುವಂತಿಲ್ಲ, ನಿಲ್ಲುವಂತೆಯೂ ಇಲ್ಲ! ಬ್ಯಾಟರಿ ಪೂರ್ತಿ ಇಳಿಯುವವರೆಗೆ ಬಿಟ್ಟು, ಮರುದಿನ ಮತ್ತೆ ಚಾಲೂ ಮಾಡುವುದೊಂದೇ ದಾರಿಯಾಯಿತು.

ಪೈಥಾನ್ ಹಾಕಿಕೊಂಡವರಿಗೆ ಪರೀಕ್ಷೆಯ ಸಲಕರಣೆ 'ಯೂನಿಟ್‌ಟೆಸ್ಟ್' ಅದರ ಜೊತೆಗೇ ಬಿಟ್ಟಿಯಾಗಿ ಬರುತ್ತದೆ. ಪ್ರೋಗ್ರಾಮಿನಲ್ಲಿ ಒಂದಕ್ಷರ ತಿದ್ದಿದರೂ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೊಮ್ಮೆ ಓಡಿಸಬೇಕು. ಕಂಪ್ಯೂಟರ್ ತಿಳಿಯದ ತಂದೆ ತಾಯಿ ಕೂಡ "ಓಡಿತೇನೋ?" ಎನ್ನುವ ಬದಲು "15 ಕೊಟ್ಟರೆ ಏನು ಬರುತ್ತೋ?" ಎಂದು ಕೇಳಬಹುದು.