ರಾಯಲ್ ಸ್ಟ್ರೀಟಿನ ದುಬಾರಿ ಊಟ

ಥೀಮ್ ಪಾರ್ಕುಗಳಲ್ಲಿ ವೈಭವದ ಊಟ ಬೆಳೆದುಬಂದ ಬಗೆ ತಿಳಿಯಲು ಒಂದು ಓಣಿಯನ್ನು ನೋಡಿದರೆ ಸಾಕು. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡಿನೊಳಗೆ ನ್ಯೂ ಆರ್ಲಿಯನ್ಸ್ ಸ್ಕ್ವೇರ್ ಎಂಬ ಭಾಗವಿದೆ. ಅಲ್ಲಿನ ರಾಯಲ್ ಸ್ಟ್ರೀಟಿನಲ್ಲಿ, ಒಂದಕ್ಕೊಂದು ಅಂಟಿಕೊಂಡಂತೆ ಮೂರು ಊಟದ ಮನೆಗಳಿವೆ. ಒಂದು ಬ್ಲೂ ಬಾಯೂ. ಪಾರ್ಕಿನ ಟಿಕೆಟ್ ಕೊಂಡ ಯಾರು ಬೇಕಾದರೂ ಅಲ್ಲಿ ಕೂರಬಹುದು. ಇನ್ನೊಂದು ಕ್ಲಬ್ 33. ಸದಸ್ಯರಿಗೂ ಅವರ ಅತಿಥಿಗಳಿಗೂ ಮಾತ್ರ ಪ್ರವೇಶ. ಮೂರನೆಯದು 21 ರಾಯಲ್; ಹನ್ನೆರಡು ಜನರ ಒಂದು ರಾತ್ರಿಯ ಊಟಕ್ಕೆ 15,000 ಡಾಲರ್ ದರದೊಂದಿಗೆ ಶುರುವಾದದ್ದು.

1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದಾಗ ಇಂಥ ಯಾವುದೂ ಇರಲಿಲ್ಲ. ಆಹ್ವಾನಿತರ ಜೊತೆಗೆ ಖೋಟಾ ಟಿಕೆಟ್ ಹಿಡಿದವರೂ ನುಗ್ಗಿದ್ದರಿಂದ ಅಂದು ಊಟ, ಪಾನೀಯ ಎರಡೂ ಮುಗಿದುಹೋದವು. ವಾಲ್ಟ್ ಡಿಸ್ನಿಯ ಹಣವೆಲ್ಲ ಪಾರ್ಕ್ ಕಟ್ಟುವುದರಲ್ಲೇ ಕರಗಿತ್ತು. ಹಾಗಾಗಿ ಹಲವು ಊಟದ ಮನೆಗಳು ಆಹಾರ ಕಂಪನಿಗಳ ಹೆಸರು ಹೊತ್ತು ಬಂದವು. ಮಾಂಸ ವ್ಯಾಪಾರದ ಸ್ವಿಫ್ಟ್ ಕಂಪನಿಯ ರೆಡ್ ವ್ಯಾಗನ್ ಇನ್, ಫ್ರಿಟೊ ಕಂಪನಿಯ ಕಾಸಾ ಡಿ ಫ್ರಿಟೋಸ್ ಇವೆಲ್ಲ ಆ ಕಾಲದವು. ಇವುಗಳಲ್ಲಿ ಸ್ವಲ್ಪ ಘನತೆಯಿದ್ದದ್ದು ರೆಡ್ ವ್ಯಾಗನ್ ಇನ್‌ಗೆ. ಲಾಸ್ ಏಂಜಲೀಸಿನ ಹಳೆಯ ಬಂಗಲೆಯೊಂದರಿಂದ ತಂದ ಬಣ್ಣದ ಗಾಜುಗಳು ಅದರೊಳಗೆ ಇದ್ದವು. ಕುಟುಂಬಗಳು ಬರುವ ಜಾಗದಲ್ಲಿ ಮದ್ಯ ಕೂಡದು ಎಂಬುದು ವಾಲ್ಟ್ ಅವರ ಕಟ್ಟುನಿಟ್ಟಿನ ನಿಲುವು. ಎದುರಿನ ಡಿಸ್ನಿಲ್ಯಾಂಡ್ ಹೋಟೆಲ್ ಕೂಡ ಅವರದಾಗಿರಲಿಲ್ಲ. ಅದನ್ನು ಕಟ್ಟಿಸಿದವರು ಜ್ಯಾಕ್ ರಾದರ್. ನಿಧಾನವಾಗಿ ಕೂತು ಉಣ್ಣುವವರ, ಜೊತೆಗೆ ವೈನ್ ಬಯಸುವವರ ದುಡ್ಡೆಲ್ಲ ಗೇಟಿನಾಚೆಗೆ ಹರಿಯುತ್ತಿತ್ತು.

ಹನ್ನೊಂದು ವರ್ಷಗಳ ಬಳಿಕ ಚಿತ್ರ ಬದಲಾಯಿತು. 1966ರ ಜುಲೈ 24ರಂದು ನ್ಯೂ ಆರ್ಲಿಯನ್ಸ್ ನಗರದ ಮೇಯರ್ ವಿಕ್ಟರ್ ಶಿರೋ ಅವರ ಸಮ್ಮುಖದಲ್ಲಿ ನ್ಯೂ ಆರ್ಲಿಯನ್ಸ್ ಸ್ಕ್ವೇರ್ ಉದ್ಘಾಟನೆಯಾಯಿತು. ಕಬ್ಬಿಣದ ಜಾಲರಿಯ ಬಾಲ್ಕನಿಗಳು, ತಿರುವಿನ ಓಣಿಗಳು, ಹಿತ್ತಲಿನಂಥ ಅಂಗಳಗಳು ಎಲ್ಲವೂ ಸಿದ್ಧವಾಗಿದ್ದವು. ಬ್ಲೂ ಬಾಯೂ ಮಾತ್ರ ಬಾಗಿಲು ತೆರೆಯಲಿಲ್ಲ. ಅದರ ಪಕ್ಕದಲ್ಲೇ ಹರಿಯಬೇಕಿದ್ದ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ದೋಣಿ ಸವಾರಿ ಇನ್ನೂ ಮುಗಿದಿರಲಿಲ್ಲ. ಊಟದ ಹೊತ್ತಿಗೆ ಹಾಡು, ವಾದ್ಯ ಇಟ್ಟು ಒಮ್ಮೆ ಪ್ರಯೋಗ ಮಾಡಿ ನೋಡಿದ ವಾಲ್ಟ್, ಅದು ಬೇಡವೆಂದರಂತೆ. ಇಲ್ಲಿ ಊಟವೂ ಸುತ್ತಲಿನ ವಾತಾವರಣವೂ ಸೇರಿದರೆ ಅದೇ ಪ್ರದರ್ಶನ, ದೋಣಿಗಳು ಬರುವವರೆಗೂ ಕಾಯೋಣ ಎಂದು ತೀರ್ಮಾನಿಸಿದರು. 1966ರ ಡಿಸೆಂಬರ್ 15ರಂದು ಅವರು ತೀರಿಕೊಂಡರು. 1967ರ ಮಾರ್ಚ್ 18ರಂದು ದೋಣಿ ಸವಾರಿಯೂ ಬ್ಲೂ ಬಾಯೂ ಕೂಡ ಒಟ್ಟಿಗೆ ಶುರುವಾದವು.

ಆ ಕಾಯುವಿಕೆ ಸಾರ್ಥಕವಾಯಿತು. ಊಟದ ಮನೆ ಇರುವುದು ಸವಾರಿಯ ಕಟ್ಟಡದೊಳಗೇ. ಹೊರಗೆ ಕ್ಯಾಲಿಫೋರ್ನಿಯಾದ ಬಿಸಿಲು ಸುಡುತ್ತಿದ್ದರೂ ಒಳಗೆ ಯಾವಾಗಲೂ ಲೂಸಿಯಾನದ ಜೌಗುನೆಲದ ರಾತ್ರಿ. ತಲೆಯ ಮೇಲೆ ಕಪ್ಪು ಬಾನು, ಕಂದೀಲುಗಳ ಮಂದ ಬೆಳಕು, ಮಿಣುಕುಹುಳುಗಳ ಹಾರಾಟ, ದೂರದ ಗುಡಿಸಲ ಜಗಲಿಯಲ್ಲಿ ತೂಗುಕುರ್ಚಿಯಲ್ಲಿ ಕೂತ ಮುದುಕ, ಎಲ್ಲಿಂದಲೋ ಕೇಳುವ ಬ್ಯಾಂಜೊ. ಕಡಲ್ಗಳ್ಳರ ಲೋಕಕ್ಕೆ ಹೊರಟ ದೋಣಿಗಳು ಸದ್ದಿಲ್ಲದೆ ಮೇಜುಗಳ ಪಕ್ಕ ಸಾಗುತ್ತವೆ. ದೋಣಿಯಲ್ಲಿದ್ದವರಿಗೆ ಊಟ ಮಾಡುವವರು ದೃಶ್ಯದ ಭಾಗ. ಊಟಕ್ಕೆ ಕೂತವರಿಗೆ ದೋಣಿಯವರು. ಹ್ಯಾಮ್, ಟರ್ಕಿ ಕೋಳಿ, ಚೀಸ್ ತುಂಬಿ ಹಿಟ್ಟಿನಲ್ಲಿ ಅದ್ದಿ ಕರಿದು, ಮೇಲೆ ಸಕ್ಕರೆ ಪುಡಿ ಉದುರಿಸುವ ಮಾಂಟೆ ಕ್ರಿಸ್ಟೊ ಸ್ಯಾಂಡ್‌ವಿಚ್ ಇಲ್ಲಿ ಹೆಸರು ಮಾಡಿದ ತಿನಿಸು. ಅಡುಗೆಯ ನಯದಲ್ಲಿ ಬ್ಲೂ ಬಾಯೂ ದೊಡ್ಡ ನಗರಗಳ ಹೆಸರಾಂತ ಹೋಟೆಲುಗಳಿಗೆ ಸಮವಲ್ಲ. ಆದರೆ ಇಂಥ ಕೋಣೆಯನ್ನು ಆ ಹೋಟೆಲುಗಳು ಕೊಡಲಾರವು.

ಅದೇ ವರ್ಷ, ಅದೇ ಓಣಿಯ ಮಹಡಿಯಲ್ಲಿ ಕ್ಲಬ್ 33 ಶುರುವಾಯಿತು. ಅದರ ಬೀಜ ಬಿದ್ದದ್ದು 1964–65ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ. ಜನರಲ್ ಎಲೆಕ್ಟ್ರಿಕ್, ಫೋರ್ಡ್, ಪೆಪ್ಸಿ ಕಂಪನಿಗಳಿಗೂ ಇಲಿನಾಯ್ ರಾಜ್ಯಕ್ಕೂ ಡಿಸ್ನಿ ತಂಡ ಅಲ್ಲಿ ಪ್ರದರ್ಶನಗಳನ್ನು ಕಟ್ಟಿಕೊಟ್ಟಿತ್ತು. ಗಣ್ಯ ಅತಿಥಿಗಳಿಗೆಂದೇ ಕಂಪನಿಗಳು ಇಟ್ಟಿದ್ದ ವಿಶ್ರಾಂತಿ ಕೋಣೆಗಳನ್ನು ಕಂಡ ವಾಲ್ಟ್, ತಮ್ಮ ಪ್ರಾಯೋಜಕರಿಗೂ ಹಾಗೊಂದು ಜಾಗ ಬೇಕೆಂದುಕೊಂಡರು. ಪತ್ನಿ ಲಿಲಿಯನ್ ಮತ್ತು ಎರಡು ಆಸ್ಕರ್ ಗೆದ್ದ ಒಳಾಂಗಣ ಅಲಂಕಾರಕ ಎಮಿಲ್ ಕುರಿ ಅವರ ಕೈಯಲ್ಲಿ ಅದು ರೂಪುಗೊಂಡಿತು. ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಮೆಚ್ಚಿದ ಹಳೆಯ ಲಿಫ್ಟನ್ನು ಮಾಲೀಕರು ಮಾರಲು ಒಪ್ಪದಿದ್ದಾಗ ಅದರ ಪ್ರತಿರೂಪವನ್ನೇ ಮಾಡಿಸಿ ಕೂರಿಸಲಾಯಿತು. ಟ್ರೋಫಿ ರೂಮ್ ಎಂಬ ಕೋಣೆಯ ದೀಪಗುಚ್ಛಗಳಲ್ಲಿ ಮೈಕುಗಳನ್ನು ಹುದುಗಿಸಿ, ಯಂತ್ರದ ರಣಹದ್ದೊಂದು ಅತಿಥಿಗಳ ಮಾತಿಗೆ ಉತ್ತರ ಕೊಡುವಂತೆ ಮಾಡುವ ಯೋಜನೆಯೂ ಇತ್ತು. 33 ಎಂಬುದು ಆ ಬೀದಿಯ ಮನೆ ನಂಬರು. ದಶಕಗಳ ಕಾಲ ಪಾರ್ಕಿನೊಳಗೆ ಮದ್ಯ ಸಿಗುತ್ತಿದ್ದದ್ದು ಇಲ್ಲೊಂದೇ ಕಡೆ. 2019ರಲ್ಲಿ ಸ್ಟಾರ್ ವಾರ್ಸ್ ಭಾಗದ ಓಗಾಸ್ ಕ್ಯಾಂಟೀನಾ ತೆರೆಯುವವರೆಗೂ ಸಾಮಾನ್ಯ ಅತಿಥಿಗೆ ಆ ಅವಕಾಶ ಬರಲಿಲ್ಲ. ಇಷ್ಟೆಲ್ಲ ಯೋಚಿಸಿ ಮಾಡಿಸಿದ ಕ್ಲಬ್ಬಿನಲ್ಲಿ ಒಂದು ಹೊತ್ತಿನ ಊಟ ಮಾಡುವ ಭಾಗ್ಯ ವಾಲ್ಟ್ ಅವರಿಗಿರಲಿಲ್ಲ.

ಫ್ಲಾರಿಡಾದಲ್ಲಿ 1971ರ ಅಕ್ಟೋಬರ್ 1ರಂದು ವಾಲ್ಟ್ ಡಿಸ್ನಿ ವರ್ಲ್ಡ್ ತೆರೆದಾಗ ಕಂಪನಿ ಹಳೆಯ ಪಾಠ ಕಲಿತಿತ್ತು. ಹೋಟೆಲುಗಳನ್ನೂ ತಾನೇ ನಡೆಸಿತು. 1977ರಲ್ಲಿ ಲಿಲಿಯನ್ ಅವರ ಹೆಸರಿನ ‘ಎಂಪ್ರೆಸ್ ಲಿಲ್ಲಿ’ ಎಂಬ ಹಡಗಿನಾಕಾರದ ಊಟದ ಮನೆ ನೀರಿನಂಚಿನಲ್ಲಿ ಎದ್ದಿತು. ಅದರ ಎಂಪ್ರೆಸ್ ರೂಮ್ ಆ ಕಾಲದ ಅತ್ಯಂತ ಠೀವಿಯ ಜಾಗ. 1995ರಲ್ಲಿ ಅದು ಮುಚ್ಚಿತು. ಮುಂದೆ ಹಡಗಿನ ಹೊಗೆಕೊಳವೆಗಳನ್ನೂ ಹಿಂದಿನ ದೊಡ್ಡ ಚಕ್ರವನ್ನೂ ಕಿತ್ತುಹಾಕಲಾಯಿತು. ಹೆಸರೂ ಹೋಯಿತು. 1982ರಲ್ಲಿ ಅಲ್ಲಿನ ಎಪ್ಕಾಟ್ ಪಾರ್ಕಿನ ಜೊತೆಗೆ ಬಂದ ಫ್ರೆಂಚ್ ಊಟದ ಮನೆ ಇನ್ನೂ ಉಳಿದಿದೆ. ಪಾಲ್ ಬೊಕ್ಯೂಸ್, ರೋಜೆ ವರ್ಜೆ, ಗಾಸ್ತೊಂ ಲನೋತ್ರ್ ಎಂಬ ಮೂವರು ಪ್ರಸಿದ್ಧ ಬಾಣಸಿಗರು ಸೇರಿ ಕಟ್ಟಿದ ಸಂಸ್ಥೆ ಅದು.

1988ರಲ್ಲಿ ಗ್ರ್ಯಾಂಡ್ ಫ್ಲಾರಿಡಿಯನ್ ಹೋಟೆಲಿನೊಳಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ಆರಂಭವಾಯಿತು. ಮೊದಲ ವರ್ಷಗಳಲ್ಲಿ ಪ್ರತಿ ಮೇಜಿಗೂ ಇಬ್ಬರು ಪರಿಚಾರಕರು. ಹೆಣ್ಣಾದರೆ ‘ವಿಕ್ಟೋರಿಯಾ’, ಗಂಡಾದರೆ ‘ಆಲ್ಬರ್ಟ್’ ಎಂದೇ ಪರಿಚಯ. ಮುಂದೆ ಆ ನಾಟಕ ಕಳಚಿ ಅಡುಗೆಯೇ ಮುಂದೆ ಬಂತು. ಬಾಣಸಿಗ ಸ್ಕಾಟ್ ಹನ್ನೆಲ್ ಕಾಲದಲ್ಲಿ, 2000ದಿಂದ, ಅಮೆರಿಕದ ಮೋಟಾರು ಸಂಘದ ಐದು ವಜ್ರಗಳ ಮನ್ನಣೆ ದೊರೆಯಿತು. 2008ರಿಂದ ಹತ್ತು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ನಿಂತಿತು. ಕೊರೋನಾ ಕಾಲದಲ್ಲಿ ಮುಚ್ಚಿ 2022ರ ಜುಲೈನಲ್ಲಿ ಮತ್ತೆ ತೆರೆದ ಈ ಮನೆಗೆ 2024ರಲ್ಲಿ ಮಿಶೆಲಿನ್ ನಕ್ಷತ್ರ ಬಂತು. 2022ರಲ್ಲಿ ಮುಖ್ಯ ಸಭಾಂಗಣದಲ್ಲಿ ಒಬ್ಬರಿಗೆ 300 ಡಾಲರ್ ಆಸುಪಾಸು ಇತ್ತು, ವೈನ್ ಬೇರೆ. ಆ ದುಡ್ಡಿಗೆ ತಕ್ಕ ಅಡುಗೆ ಇಲ್ಲಿದೆ. ಆದರೆ ಮಕ್ಕಳಿಗಾಗಿಯೇ ಬೆಳೆದ ಸಂಸ್ಥೆಯೊಂದರ ಅತ್ಯುತ್ತಮ ಮೇಜಿಗೆ ಮಕ್ಕಳೇ ಬರುವಂತಿಲ್ಲ ಎಂಬುದು ನೋಯಿಸುವ ಸಂಗತಿ.

ಕಡಲಾಚೆಯ ಪಾರ್ಕುಗಳ ಹಾದಿ ಬೇರೆ. 1992ರಲ್ಲಿ ಪ್ಯಾರಿಸ್ ಬಳಿ ತೆರೆದ ಯೂರೋ ಡಿಸ್ನಿಯೂ ಪಾರ್ಕಿನೊಳಗೆ ಮದ್ಯ ಕೂಡದೆಂದಿತು. ಊಟದ ಜೊತೆ ವೈನ್ ಇಲ್ಲವೆಂದರೆ ಫ್ರೆಂಚರು ಸಹಿಸಲಿಲ್ಲ. ಮರುವರ್ಷವೇ ನಿಯಮ ಸಡಿಲವಾಯಿತು. 2001ರ ಟೋಕಿಯೋ ಡಿಸ್ನಿಸೀಯಲ್ಲಿ ಮೊದಲಿನಿಂದಲೇ ಮದ್ಯವಿತ್ತು. ಅಲ್ಲಿನ ಮೆಗೆಲ್ಲನ್ಸ್ ಎಂಬ ಊಟದ ಮನೆಯಲ್ಲಿ ಪುಸ್ತಕದ ಕಪಾಟಿನ ಹಿಂದೆ ಅಡಗಿದ ಕೋಣೆಯಲ್ಲೂ ಊಟಕ್ಕೆ ಕೂರಿಸುತ್ತಾರೆ.

ರಾಯಲ್ ಸ್ಟ್ರೀಟಿನ ಇತ್ತೀಚಿನ ಚರಿತ್ರೆ ಬೇಸರ ತರಿಸುವಂಥದ್ದು. ದೋಣಿ ಸವಾರಿಯ ಮೇಲಿನ ಮಹಡಿಯನ್ನು ವಾಲ್ಟ್ ತಮ್ಮ ಕುಟುಂಬಕ್ಕೆಂದು ಯೋಜಿಸಿದ್ದರು. 1987ರಿಂದ 2007ರವರೆಗೆ ಅಲ್ಲಿದ್ದದ್ದು ಡಿಸ್ನಿ ಗ್ಯಾಲರಿ. ಪಾರ್ಕಿಗೆ ಬಂದವರೆಲ್ಲ ಮೆಟ್ಟಿಲು ಹತ್ತಿ ಕಲಾವಿದರ ಮೂಲ ಚಿತ್ರಗಳನ್ನು ನೋಡಬಹುದಿತ್ತು. ಅದನ್ನು ಮುಚ್ಚಿ ವಸತಿ ಕೋಣೆ ಮಾಡಿದರು. 2017ರಲ್ಲಿ ಅದೇ 21 ರಾಯಲ್ ಆಯಿತು. ಇನ್ನೂ ದೊಡ್ಡ ನಷ್ಟ ಕೋರ್ಟ್ ಆಫ್ ಏಂಜಲ್ಸ್ ಎಂಬ ಅಂಗಳದ್ದು. ಬಾಗಿದ ಮೆಟ್ಟಿಲಿನ ಆ ತಣ್ಣನೆಯ ಮೂಲೆಯಲ್ಲಿ ಹಲವು ತಲೆಮಾರಿನ ಕುಟುಂಬಗಳು ನಿಂತು ಫೋಟೊ ತೆಗೆಸಿಕೊಂಡಿದ್ದವು. ಕ್ಲಬ್ 33ರ ವಿಸ್ತರಣೆಗಾಗಿ 2013ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಚ್ಚಲಾಯಿತು. ಮರುವರ್ಷ ಕ್ಲಬ್ಬು ಮತ್ತೆ ತೆರೆದಾಗ ಆ ಅಂಗಳ ಸದಸ್ಯರ ಪ್ರವೇಶದ್ವಾರವಾಗಿತ್ತು. ಹಳೆಯ ಲಿಫ್ಟು ಓಡಾಟ ನಿಲ್ಲಿಸಿ ಕೂರುವ ಆಸನವಾಯಿತು, ಟ್ರೋಫಿ ರೂಮ್ ಜಾಗಕ್ಕೆ ಜಾಝ್ ಕೋಣೆ ಬಂತು. ಕ್ಲಬ್ಬಿನ ಒಳಾಂಗಣ ಅವರ ಇಷ್ಟ. ಎಲ್ಲರದಾಗಿದ್ದ ಅಂಗಳವನ್ನು ಕೆಲವರಿಗೆ ಕೊಟ್ಟದ್ದು ಮಾತ್ರ ತಪ್ಪು.

ಹಾಗಾಗಿ, ಸಾಲುಸಾಲು ಖರ್ಚಿನ ನಡುವೆ ಒಂದು ಊಟಕ್ಕೆ ಕೈ ಬಿಚ್ಚಬೇಕೆಂದಿರುವ ಕುಟುಂಬಕ್ಕೆ ಅನಾಹೈಮ್‌ನಲ್ಲಿ ಬ್ಲೂ ಬಾಯೂ ಮೊದಲ ಆಯ್ಕೆ. ಫ್ಲಾರಿಡಾದಲ್ಲಿ ಮಕ್ಕಳಿಲ್ಲದೆ ಹೋದ ದಂಪತಿಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ತಕ್ಕದ್ದು. ಅಷ್ಟು ದುಡ್ಡು ಸುರಿಯಲಾಗದ ಭಾರತೀಯ ನಾಲಿಗೆಯವರಿಗೆ ಅಲ್ಲಿನ ಅನಿಮಲ್ ಕಿಂಗ್‌ಡಮ್ ಲಾಡ್ಜಿನ ‘ಸನಾ’ ಇದೆ. ಅಲ್ಲಿ ನಾನ್, ಹಪ್ಪಳ, ಬಗೆಬಗೆಯ ಚಟ್ನಿಗಳ ತಟ್ಟೆ ಮೇಜಿಗೆ ಬರುತ್ತದೆ. ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಈ ಮೂರಕ್ಕೂ 60 ದಿನ ಮುಂಚೆಯೇ ಜಾಗ ಕಾದಿರಿಸಬಹುದು. ಬ್ಲೂ ಬಾಯೂಗೆ ಹೋಗುವವರು ಪಾರ್ಕಿನ ಟಿಕೆಟನ್ನೂ ಕೊಳ್ಳಬೇಕು. ನೀರಿನಂಚಿನ ಮೇಜೇ ಬೇಕೆಂದು ಬಾಗಿಲಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಅದಕ್ಕಾಗಿ ಸ್ವಲ್ಪ ಹೊತ್ತು ಕಾಯಬೇಕಾಗಿ ಬಂದರೂ ಕಾಯಬೇಕು. ಹಿಂದಿನ ಸಾಲಿನ ಮೇಜುಗಳಿಂದ ದೋಣಿಗಳು ಸರಿಯಾಗಿ ಕಾಣುವುದಿಲ್ಲ.