ಬಿಟ್ಟಿ ಸಲಹೆಗೂ ಬೆಲೆ ಇದೆ

ನಮ್ಮ ಬ್ಯಾಚಿನಲ್ಲಿ ಸ್ಕೆಚಿಂಗ್ ಹುಚ್ಚಿರೋರೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದೀವಿ. ಬಳ್ಳಾರಿ ಊರಿನವರು, ಸಿರುಗುಪ್ಪದಿಂದ ದಿನಾ ಬಸ್ಸಿಗೆ ಬರೋರು, ಹಾಸ್ಟೆಲಿನವರು, ಎಲ್ಲರೂ ಇದ್ದೀವಿ. ಹೋದ ಸೆಮಿಸ್ಟರಿನಲ್ಲಿ ಒಂದು ಭಾನುವಾರ ಕುರುಗೋಡಿಗೆ ಹೋಗಿ, ದೊಡ್ಡಬಸವೇಶ್ವರ ಗುಡಿಯಲ್ಲಿ ಕೂತು ಚಿತ್ರ ಬಿಡಿಸಿದ್ವಿ. ಅಲ್ಲಿನ ಏಕಶಿಲೆಯ ಬಸವಣ್ಣನನ್ನು ಕಂಡವರಿಗೆ ಗೊತ್ತು, ಕತ್ತೆತ್ತಿಯೇ ನೋಡಬೇಕು. ಅಷ್ಟು ದೊಡ್ಡದನ್ನು ಎ4 ಹಾಳೆಗೆ ಇಳಿಸೋದು ಹುಡುಗಾಟ ಅಲ್ಲ.

ಸಿರುಗುಪ್ಪದ ಗೆಳತಿಯೊಬ್ಬಳು ಆ ರಾತ್ರಿ ತನ್ನ ಚಿತ್ರವನ್ನು ಗ್ರೂಪಿಗೆ ಹಾಕಿದಳು. ಕೆಳಗೆ ಬರೆದದ್ದು ಇಷ್ಟೇ: "ಹೊರಗ ಕೂತು ಮಾಡಿದ ಮೊದಲ ಸ್ಕೆಚ್. ಖುಷಿ ಆತು."

ಹತ್ತೇ ನಿಮಿಷದಲ್ಲಿ ನಾವು ಶುರು ಹಚ್ಚಿಕೊಂಡ್ವಿ. "ಕೊಂಬು ಸಣ್ಣ ಆಗೈತಿ." "ಕಂಬದ ಪರ್ಸ್ಪೆಕ್ಟಿವ್ ತಪ್ಪೈತಿ ನೋಡು." "ಎಚ್‌ಬಿ ಬ್ಯಾಡ, 4ಬಿ ಪೆನ್ಸಿಲ್ ತಗೋ." ಒಬ್ಬನಂತೂ ಅವಳ ಚಿತ್ರದ ಮೇಲೆಯೇ ಕೆಂಪು ಗೆರೆ ಎಳೆದು ವಾಪಸ್ ಹಾಕಿದ. ಯಾರೂ ಬೈಯಲಿಲ್ಲ, ಯಾರೂ ನಗಲಿಲ್ಲ. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಅವಳು "ಥ್ಯಾಂಕ್ಸ್" ಅಂದಳು. ಆಮೇಲೆ ಇವತ್ತಿನವರೆಗೂ ಗ್ರೂಪಿನಲ್ಲಿ ಒಂದು ಚಿತ್ರವನ್ನೂ ಹಾಕಿಲ್ಲ.

ತಿಂಗಳಾದ ಮೇಲೆ ಕ್ಯಾಂಟೀನಿನಲ್ಲಿ ಕೇಳಿದ್ವಿ. "ಕೊಂಬು ಸಣ್ಣ ಆಗೈತಿ ಅಂತ ನನಗೂ ಗೊತ್ತಿತ್ತು. ಸಿಟ್ಟೇನಿಲ್ಲ. ಆದ್ರ ಅದು ವೈವಾ ಆಗಿಬಿಡ್ತು," ಅಂದಳು.

ಆ ಮಾತು ನಮಗೆ ಚುಚ್ಚಿತು. ತಪ್ಪು ಎಲ್ಲಾಯ್ತು ಅಂತ ಕೂತು ಯೋಚನೆ ಮಾಡಿದ್ದರ ಫಲ ಈ ಬರಹ.

ತೋರಿಸೋದು ಬೇರೆ, ಕೇಳೋದು ಬೇರೆ

ಹವ್ಯಾಸಕ್ಕೆ ಇಂಟರ್ನಲ್ಸ್ ಇಲ್ಲ, ಸಿಜಿಪಿಎ ಇಲ್ಲ. ಚಿತ್ರ ಹಾಕಿದವರೆಲ್ಲ ಮಾರ್ಕ್ಸ್ ಕೇಳ್ತಿದ್ದಾರೆ ಅಂದುಕೊಂಡಿದ್ದೇ ನಮ್ಮ ಮೊದಲ ತಪ್ಪು. ಅವಳು ತೋರಿಸಿದ್ದು ತನ್ನ ಖುಷಿ. ನಾವು ಉತ್ತರ ಕೊಟ್ಟಿದ್ದು ಅವಳು ಕೇಳದೇ ಇದ್ದ ಪ್ರಶ್ನೆಗೆ.

ಎರಡನೇ ತಪ್ಪು ಲೆಕ್ಕದ್ದು. ಹೇಳುವವನಿಗೆ ತಾನು ಹೇಳಿದ್ದು ಒಂದೇ ಮಾತು. ಆದರೆ ಹಾಕಿದವಳ ಫೋನಿಗೆ ಒಂದೇ ರಾತ್ರಿ ಹತ್ತು ಹನ್ನೆರಡು ಮಾತು ಬಂದು ಬೀಳ್ತವೆ. ಎದುರಿಗೆ ಕೂತಿದ್ದರೆ ಅವಳ ಮುಖ ನೋಡಿ ಮೂರನೆಯವನೇ ಸುಮ್ಮನಾಗ್ತಿದ್ದ. ಫೋನಿನಲ್ಲಿ ಮುಖ ಕಾಣಲ್ಲ, ನಗ್ತಾ ಹೇಳಿದ್ದೂ ಗದರಿದ ಹಾಗೆ ಓದಿಸಿಕೊಳ್ಳುತ್ತೆ.

ಮೂರನೆಯದು ಆ ಕೆಂಪು ಗೆರೆ. ಬಾಯಿಮಾತಿನ ಸಲಹೆಯನ್ನು ಬೇಕಾದರೆ ತಗೋಬಹುದು, ಬೇಡಾದರೆ ಬಿಡಬಹುದು. ಚಿತ್ರದ ಮೇಲೆಯೇ ಗೀಚಿದರೆ ಆ ಆಯ್ಕೆ ಅವಳ ಕೈಯಲ್ಲಿ ಉಳಿಯಲ್ಲ.

ಬೇರೆಯವರು ಏನು ಮಾಡ್ತಾರೆ?

ಚೆಸ್ ನೋಡಿ. ಫಿಡೆ ನಿಯಮದ ಪ್ರಕಾರ ನೋಡುಗರು ಆಟದಲ್ಲಿ ಬಾಯಿ ಹಾಕುವ ಹಾಗಿಲ್ಲ. ನಿಯಮ ತಪ್ಪಿದ್ದು ಕಣ್ಣಿಗೆ ಬಿದ್ದರೂ ಆರ್ಬಿಟರ್‌ಗೆ ಮಾತ್ರ ಹೇಳಬಹುದು. "ಕುದುರೆ ನಡೆಸಲೇ!" ಅಂತ ಕಟ್ಟೆ ಮೇಲಿಂದ ಕೂಗುವ ನಮ್ಮಂಥವರಿಗೆ ಇದು ಕಷ್ಟವೇ. ಆದರೆ ಆಟ ಆಡುವವನದು, ಸೋಲುವ ಹಕ್ಕೂ ಅವನದೇ.

ಇದಕ್ಕೆ ಪೂರ್ತಿ ಉಲ್ಟಾ ಕನ್ನಡ ವಿಕಿಪೀಡಿಯ. 2003ರಲ್ಲಿ ಶುರುವಾದ ಅದರಲ್ಲಿ ಯಾರು ಬರೆದ ಲೇಖನವನ್ನಾದರೂ ಯಾರಾದರೂ ತಿದ್ದಬಹುದು. ತಿದ್ದೋದೇ ಅಲ್ಲಿನ ಕೆಲಸ, ಅದು ಗೊತ್ತಿದ್ದೇ ಎಲ್ಲರೂ ಒಳಗೆ ಬರ್ತಾರೆ. ಹಾಗಿದ್ದೂ ಮಾತಿಗೆ ಬೇರೆ ಜಾಗ ಇಟ್ಟಿದ್ದಾರೆ. ಪ್ರತಿ ಲೇಖನಕ್ಕೊಂದು ಚರ್ಚೆ ಪುಟ, ಎಲ್ಲರೂ ಸೇರಿ ಮಾತಾಡೋಕೆ ಒಂದು ಅರಳಿಕಟ್ಟೆ. ಅದರ ಹೆಸರೇ ಅರಳಿಕಟ್ಟೆ! ಹೊಸಬರನ್ನು ಕಚ್ಚಬೇಡಿ ಅನ್ನೋದು ವಿಕಿಪೀಡಿಯದ ಹಳೆಯ ಮಾರ್ಗಸೂಚಿಗಳಲ್ಲೊಂದು. ತಿದ್ದುವ ಜಾಗದಲ್ಲೇ ಇಷ್ಟು ಎಚ್ಚರ ಇದ್ದರೆ, ಖುಷಿಗೆ ಸೇರಿದ ಗ್ರೂಪಿನಲ್ಲಿ ಇನ್ನೆಷ್ಟು ಬೇಕು?

ನಮ್ಮ ಹವ್ಯಾಸಕ್ಕೇ ಬರೋಣ. ಗೇಬ್ರಿಯಲ್ ಕ್ಯಾಂಪನಾರಿಯೋ ಅನ್ನುವ ಪತ್ರಕರ್ತ 2007ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಇದ್ದುಕೊಂಡು ಆನ್‌ಲೈನಿನಲ್ಲಿ ಶುರು ಮಾಡಿದ 'ಅರ್ಬನ್ ಸ್ಕೆಚರ್ಸ್' ಈಗ ಎಷ್ಟೋ ದೇಶಗಳಲ್ಲಿದೆ. ಅವರ ಪ್ರಣಾಳಿಕೆಯಲ್ಲಿ ಎಂಟು ಅಂಶಗಳಿವೆ. ಒಬ್ಬರಿಗೊಬ್ಬರು ಬೆಂಬಲವಾಗಿದ್ದು ಜೊತೆಗೆ ಕೂತು ಬಿಡಿಸಬೇಕು ಅನ್ನೋದು ಅದರಲ್ಲೊಂದು. ಒಬ್ಬರನ್ನೊಬ್ಬರು ತಿದ್ದಬೇಕು ಅನ್ನೋದು ಆ ಎಂಟರಲ್ಲಿ ಇಲ್ಲ.

ಹಾಗಾದರೆ ಬಾಯಿ ಮುಚ್ಕೊಂಡಿರಬೇಕಾ?

ಇಲ್ಲ. ಕೇಳದೇ ಹೇಳಲೇಬೇಕಾದ ಸಂದರ್ಭಗಳೂ ಇವೆ. ಯಾರೋ ಲಿಥಿಯಂ ಬ್ಯಾಟರಿಗೆ ನೇರವಾಗಿ ಸೋಲ್ಡರ್ ಮಾಡ್ತಿರೋ ಫೋಟೋ ಕಂಡರೆ "ಒಂದು ಸಲಹೆ ಕೊಡಲಾ?" ಅಂತ ಕೇಳ್ತಾ ಕೂರಬೇಡಿ, ಸೀದಾ ಹೇಳಿ. ಬೇರೆಯವರ ಚಿತ್ರವನ್ನು ತನ್ನದು ಅಂತ ಹಾಕಿದರೆ, ಯಾರಿಗಾದರೂ ಅವಮಾನ ಆಗುವಂಥದ್ದು ಹಾಕಿದರೆ, ಅದನ್ನೂ ಹೇಳಬೇಕು. ಆದರೆ ಮೊದಲು ಪರ್ಸನಲ್ಲಾಗಿ.

ಉಳಿದಂತೆ ನಾವು ನಾಲ್ಕು ಪದ್ಧತಿ ಇಟ್ಟುಕೊಂಡಿದ್ದೀವಿ.

ಒಂದು, ಮೊದಲು ಕೇಳೋದು. "ಒಂದು ಮಾತು ಹೇಳ್ಲಾ?" ಅನ್ನೋಕೆ ಎರಡು ಸೆಕೆಂಡೂ ಬೇಡ. "ಈಗ ಬ್ಯಾಡ" ಅಂದರೆ ಬೇಜಾರಾಗದೆ ಬಿಡೋದು.

ಎರಡು, ಈಗಾಗಲೇ ಬೇರೆಯವರು ಹೇಳಿದ್ದಾರಾ ಅಂತ ಮೇಲೆ ಓದೋದು. ಹೇಳಿದ್ದರೆ ಸುಮ್ಮನಿರೋದು.

ಮೂರು, ಇನ್ನೂ ಬದಲಾಯಿಸೋಕೆ ಆಗುವಂಥದ್ದನ್ನು ಮಾತ್ರ ಹೇಳೋದು. ಬಳ್ಳಾರಿ ಕೋಟೆಯ ಕತೆ ಗೊತ್ತಲ್ಲ? ಹೈದರಾಲಿ ಫ್ರೆಂಚ್ ಇಂಜಿನಿಯರ್ ಒಬ್ಬನ ಕೈಲಿ ಕೋಟೆ ಕಟ್ಟಿಸಿದನಂತೆ. ಎಲ್ಲ ಮುಗಿದ ಮೇಲೆ, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅಂತ ಗೊತ್ತಾಗಿ ಆ ಇಂಜಿನಿಯರನ್ನು ಗಲ್ಲಿಗೇರಿಸಿದನಂತೆ. ಇಂಜಿನಿಯರಿಂಗ್ ಓದೋ ನಮಗೆ ಈ ಕತೆ ಕೇಳಿದಾಗಲೆಲ್ಲ ಕುತ್ತಿಗೆ ಮುಟ್ಟಿ ನೋಡಿಕೊಳ್ಳೋ ಹಾಗಾಗುತ್ತೆ. ಅಡಿಪಾಯ ಹಾಕುವಾಗ ಗುಡ್ಡದ ಎತ್ತರ ಹೇಳಿದ್ದರೆ ಉಪಕಾರ. ಕಟ್ಟಿ ಮುಗಿದ ಮೇಲೆ ಹೇಳಿದರೆ ಬರೀ ನೇಣು.

ನಾಲ್ಕು, ಏನು ಇಷ್ಟ ಆಯ್ತು ಅಂತ ಬಿಡಿಸಿ ಹೇಳೋದು. "ಸೂಪರ್" ಅನ್ನೋದಕ್ಕಿಂತ "ಬಸವಣ್ಣನ ಕೊರಳ ಹತ್ತಿರದ ನೆರಳು ಚಲೋ ಬಂದೈತಿ" ಅಂದರೆ, ನೀವು ನಿಜವಾಗಿ ನೋಡಿದ್ದೀರಿ ಅಂತ ಅವರಿಗೆ ಗೊತ್ತಾಗುತ್ತೆ.

ಹಾಕುವವರಿಗೂ ಒಂದು ಮಾತು. ನಿಮಗೆ ಏನು ಬೇಕು ಅಂತ ಬರೆದುಬಿಡಿ. ನಮ್ಮ ಗ್ರೂಪಿನಲ್ಲಿ ಈಗ "ಸುಮ್ನೆ ತೋರಿಸ್ತಿದ್ದೀನಿ" ಅಥವಾ "ತಪ್ಪು ಹೇಳ್ರಪಾ" ಅಂತ ಬರೆದು ಹಾಕ್ತೀವಿ. ಎರಡನೆಯದು ಬರೆದವರಿಗೆ ಬರೀ ಚಪ್ಪಾಳೆ ಇಮೋಜಿ ಹಾಕಿ ಜಾರಿಕೊಳ್ಳೋದೂ ಮೋಸವೇ. ಕಲಿಯೋಕೆ ಬಂದವರಿಗೆ ನಿಜ ಹೇಳಬೇಕು, ಕೊಂಬು ಸಣ್ಣ ಇದ್ದರೆ ಸಣ್ಣ ಅನ್ನಬೇಕು.

ಸಿರುಗುಪ್ಪದ ಗೆಳತಿಗೆ ನಾವೆಲ್ಲ ಸಾರಿ ಕೇಳಿದ್ವಿ. ಕೆಂಪು ಗೆರೆ ಎಳೆದವನೂ ಕೇಳಿದ. "ಹೋಗ್ಲಿ ಬಿಡ್ರಪಾ," ಅಂದಳು. ಹೋದ ವಾರ ಕೋಟೆ ಗುಡ್ಡ ಹತ್ತಿದಾಗ ಅವಳೂ ಬಂದಿದ್ದಳು. ಸ್ವಲ್ಪ ದೂರ ಒಂದು ಬಂಡೆ ಮೇಲೆ ಕೂತು, ಎರಡು ಗಂಟೆ ಏನೋ ಬಿಡಿಸಿದಳು. ತೋರಿಸಲಿಲ್ಲ. ನಾವೂ ಹೋಗಿ ಇಣುಕಲಿಲ್ಲ.