ಒಬ್ಬರ ಅಡುಗೆ, ವಾರದ ಜೀನಸು

ನಾಲ್ವರ ಮನೆಯ ಜೀನಸಿನ ಖರ್ಚನ್ನು ನಾಲ್ಕರಿಂದ ಭಾಗಿಸಿದರೆ ಒಬ್ಬರ ಖರ್ಚು ಸಿಗುವುದಿಲ್ಲ. ಒಬ್ಬರೇ ಅಡುಗೆ ಮಾಡಿಕೊಳ್ಳುವವರಿಗೆ ಬೀಳುವ ಖರ್ಚು ಅದಕ್ಕಿಂತ ಹೆಚ್ಚೇ. ಅಂಗಡಿಯಲ್ಲಿರುವುದೆಲ್ಲ ಸಂಸಾರದ ಲೆಕ್ಕಕ್ಕೆ ಕಟ್ಟಿದ ಪೊಟ್ಟಣ. ಕಾಲು ಕಿಲೋ ಬೇಳೆ ಕೊಂಡರೆ ದರ ದುಬಾರಿ, ದೊಡ್ಡ ಪೊಟ್ಟಣ ತಂದರೆ ಮುಗಿಯುವ ಮೊದಲೇ ಹುಳ. ಒಂದು ಹೂಕೋಸು, ಒಂದು ತೆಂಗಿನಕಾಯಿ, ಒಂದು ಕಟ್ಟು ಹರಿವೆ ಸೊಪ್ಪು – ಯಾವುದೂ ಒಬ್ಬರಿಗೆ ಒಂದೇ ಹೊತ್ತಿಗೆ ಮುಗಿಯುವಂಥದ್ದಲ್ಲ. ಉಡುಪಿ ಜಿಲ್ಲೆಯಲ್ಲಿ ಇಂಥ ಅಡುಗೆಮನೆಗಳು ಬಹಳ. ಮಣಿಪಾಲದಲ್ಲಿ ಕೋಣೆ ಮಾಡಿಕೊಂಡಿರುವ ವಿದ್ಯಾರ್ಥಿಗಳು, ಆಸ್ಪತ್ರೆಯ ದಾದಿಯರು, ವರ್ಗವಾಗಿ ಬಂದ ಬ್ಯಾಂಕ್ ನೌಕರರು ಇದ್ದಾರೆ. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳ ದಾರಿ ಹಿಡಿದ ಮೇಲೆ ಕಾಪು, ಕಾರ್ಕಳದ ಮನೆಗಳಲ್ಲಿ ಒಬ್ಬರೇ ಉಳಿದ ಹಿರಿಯರೂ ಇದ್ದಾರೆ.

ಇಂಥವರು ಮೊದಲು ಬಿಡಬೇಕಾದದ್ದು ಕಿಲೋ ದರದ ಮೋಹ. ಟೊಮೆಟೊ ಕಿಲೋಗೆ 40 ರೂಪಾಯಿ, ಕಾಲು ಕಿಲೋ ಮಾತ್ರ ಕೊಂಡರೆ 12 ರೂಪಾಯಿ ಎಂದಿಟ್ಟುಕೊಂಡರೆ, ಕಿಲೋ ಕೊಂಡವರಿಗೆ 8 ರೂಪಾಯಿ ಲಾಭವಾದಂತೆ ಕಾಣುತ್ತದೆ. ಆದರೆ ಆ ಕಿಲೋದಲ್ಲಿ 300 ಗ್ರಾಂ ಕೊಳೆತು ಹೋದರೆ, ತಿಂದ ಟೊಮೆಟೊಗೆ ಬಿದ್ದ ದರ ಕಿಲೋಗೆ 57 ರೂಪಾಯಿ; ಕಾಲು ಕಿಲೋ ಕೊಂಡವರಿಗೆ ಬಿದ್ದದ್ದು 48. ಒಬ್ಬರ ಅಡುಗೆಮನೆಗೆ ಕೊಂಡದ್ದರ ಬೆಲೆಗಿಂತ ತಿಂದದ್ದರ ಬೆಲೆಯೇ ನಿಜವಾದ ಬೆಲೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಆಹಾರ ವ್ಯರ್ಥವಾಗುತ್ತದೆ ಎಂದು ಅಂದಾಜು ಮಾಡಿದೆ. ವಾರಕ್ಕೆ ಕಿಲೋಗೂ ತುಸು ಹೆಚ್ಚು. ಉಳಿತಾಯ ಹುಡುಕಬೇಕಾದ ಮೊದಲ ಜಾಗ ಇದೇ.

ಒಬ್ಬರಿಗೆ ವಾರಕ್ಕೆ ಎಷ್ಟು ಬೇಕು ಎಂಬ ಅಂದಾಜಿಲ್ಲದೆ ಅಂಗಡಿಗೆ ಹೋದರೆ ಕೈ ತಾನಾಗಿ ಹೆಚ್ಚು ಎತ್ತಿಕೊಳ್ಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇದಕ್ಕೆ ಒಳ್ಳೆಯ ಆಧಾರ. ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ಅದು ಸೂಚಿಸುವುದು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ–ಮೀನು–ಮಾಂಸ, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು, 27 ಗ್ರಾಂ ಎಣ್ಣೆ. ಏಳರಿಂದ ಗುಣಿಸಿದರೆ ವಾರದ ಚೀಟಿಯೇ ಸಿದ್ಧ: ಅಕ್ಕಿ, ಹಿಟ್ಟು, ರವೆ, ಅವಲಕ್ಕಿ ಎಲ್ಲ ಸೇರಿ ಒಂದೂಮುಕ್ಕಾಲು ಕಿಲೋ, ಬೇಳೆಕಾಳು 600 ಗ್ರಾಂ, ತರಕಾರಿ 2.8 ಕಿಲೋ, ಹಣ್ಣು 700 ಗ್ರಾಂ, ಹಾಲು ಎರಡು ಲೀಟರಿಗೆ ತುಸು ಹೆಚ್ಚು, ಎಣ್ಣೆ 190 ಗ್ರಾಂ. ಇದರಲ್ಲಿ ಹೊರಗೆ ಉಣ್ಣುವ ಹೊತ್ತುಗಳನ್ನು ಕಳೆಯಬೇಕು. ವಾರದ 21 ಹೊತ್ತುಗಳಲ್ಲಿ ಐದು ಹೊತ್ತು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ಆಗುವುದಾದರೆ ಜೀನಸು ತರಬೇಕಾದದ್ದು 16 ಹೊತ್ತಿಗೆ ಮಾತ್ರ. ಹೋಟೆಲಿಗೂ ಕೊಟ್ಟು, ಪೂರ್ತಿ ವಾರದ ತರಕಾರಿಯನ್ನೂ ತಂದು ಕೊಳೆಸುವುದು ಮಣಿಪಾಲದ ಕೋಣೆಗಳಲ್ಲಿ ಸುಲಭವಾಗಿ ಆಗಿಬಿಡುವ ನಷ್ಟ.

ಅಕ್ಕಿಯ ವಿಷಯದಲ್ಲಿ ಕರಾವಳಿಯ ಅಡುಗೆ ಒಬ್ಬರಿಗೆ ಹೇಳಿ ಮಾಡಿಸಿದಂತಿದೆ. ಹತ್ತು ಕಿಲೋ ಕುಚ್ಚಲಕ್ಕಿ, ಮೇಲಿನ ಲೆಕ್ಕದಂತೆ ತಿಂದರೂ, ಐದಾರು ವಾರ ಬರುತ್ತದೆ. ತೇವ ತಾಗದಂತೆ ಇಟ್ಟರೆ ಕೆಡುವುದಿಲ್ಲ. ‘ಕಾರ್ಲ ಕಜೆ’ ಎಂಬ ಹೆಸರಿನಲ್ಲಿ ಕಾರ್ಕಳದ ಕೆಂಪು ಕುಚ್ಚಲಕ್ಕಿ ಮಾರಾಟಕ್ಕಿದೆ. ದಿನದ ಊಟಕ್ಕೆ ಸಾದಾ ಕುಚ್ಚಲಕ್ಕಿಯೂ ಆದೀತು. ಬೇಯಲು ಹೊತ್ತು ಹಿಡಿಯುತ್ತದೆ ಎಂಬುದೇ ಇದರ ತೊಡಕು. ರಾತ್ರಿ ನೆನೆಹಾಕಿ, ಕುದಿ ಬಂದ ಮೇಲೆ ಬಿಸಿ ಹಿಡಿದಿಡುವ ಪಾತ್ರೆಯಲ್ಲಿ ಮುಚ್ಚಿಟ್ಟರೆ ಗ್ಯಾಸ್ ಉಳಿಯುತ್ತದೆ. ಬೆಳಗಿನ ತಿಂಡಿಗೆ ನೀರುದೋಸೆಯಷ್ಟು ಹೊಂದುವುದು ಬೇರೊಂದಿಲ್ಲ. ಒಂದು ಲೋಟ ಬೆಳ್ತಿಗೆ ಅಕ್ಕಿ ನೆನೆಹಾಕಿ ರುಬ್ಬಿದರೆ ಆ ಬೆಳಗ್ಗೆಗೆ ಸರಿಯಾಯಿತು. ಹುದುಗಬೇಕಾಗಿಲ್ಲ, ಹುಳಿ ಬಂದು ಚೆಲ್ಲುವ ಭಯವಿಲ್ಲ. ಉದ್ದಿನ ದೋಸೆಯ ಹಿಟ್ಟನ್ನು ಪೊಟ್ಟಣದಲ್ಲಿ ತರುವವರು ಮೂರು ದಿನದ ತಿಂಡಿಯನ್ನು ಮೊದಲೇ ಗೊತ್ತುಮಾಡಿಕೊಂಡು ತಂದರಷ್ಟೇ ಲಾಭ.

ಬೇಳೆ, ಕಾಳು, ರವೆಗಳನ್ನು ಬಿಡಿಯಾಗಿ ತೂಗಿ ಕೊಡುವ ಜೀನಸಿನ ಅಂಗಡಿಯಲ್ಲಿ ಕೊಳ್ಳುವುದರಿಂದ ಎರಡು ಅನುಕೂಲ. ಬೇಕಾದಷ್ಟೇ ಸಿಗುತ್ತದೆ, ತೆರಿಗೆಯೂ ಇಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮೊದಲೇ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟುಗಳಿಗೆ ಶೇ. 5ರಷ್ಟು ಜಿಎಸ್‌ಟಿ ಬಂತು. ಬಿಡಿ ಮಾಲಿಗೆ ಅದು ತಾಗುವುದಿಲ್ಲ. ಪೊಟ್ಟಣವನ್ನೇ ಕೊಳ್ಳುವುದಾದರೆ ದೊಡ್ಡ ಅಕ್ಷರದ ಬೆಲೆಯ ಪಕ್ಕದ ಸಣ್ಣ ಅಕ್ಷರವನ್ನು ಓದಬೇಕು. ಪೊಟ್ಟಣ ಕಟ್ಟಿದ ಸರಕುಗಳ 2011ರ ಕಾನೂನುಮಾಪನ ನಿಯಮಗಳಿಗೆ ಆಮೇಲೆ ಆದ ತಿದ್ದುಪಡಿಯಂತೆ ಪ್ರತಿ ಗ್ರಾಂ ಅಥವಾ ಕಿಲೋಗೆ ಬೀಳುವ ದರವನ್ನೂ ಮುದ್ರಿಸಬೇಕು. ಕಿಲೋಗಿಂತ ಸಣ್ಣ ಪೊಟ್ಟಣದಲ್ಲಿ ಅದು ಗ್ರಾಂ ಲೆಕ್ಕದಲ್ಲಿರುತ್ತದೆ. ಗ್ರಾಂಗೆ 0.32 ರೂಪಾಯಿ ಎಂದರೆ ಕಿಲೋಗೆ 320 ರೂಪಾಯಿ. ಸಣ್ಣ ಪೊಟ್ಟಣವೋ ದೊಡ್ಡದೋ ಎಂಬ ಪ್ರಶ್ನೆ ಅಲ್ಲಿಯೇ ತೀರುತ್ತದೆ.

ದೊಡ್ಡ ಪೊಟ್ಟಣ ಅಗ್ಗ ಎಂಬ ಮಾತು ಬಯಲುಸೀಮೆಗೆ ಹೊಂದಿದಂತೆ ಕರಾವಳಿಗೆ ಹೊಂದುವುದಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಉಡುಪಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪು ಕರಗುತ್ತದೆ, ರವೆಗೆ ಹುಳ ಬೀಳುತ್ತದೆ, ಬೇಳೆಗೆ ಬೂಸರು ಹಿಡಿಯುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟು ಮಾತ್ರ ತಂದು, ರವೆಯನ್ನು ಹುರಿದು, ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದೇ ಸರಿ. ದೊಡ್ಡ ಖರೀದಿಗೆ ತಕ್ಕ ಕಾಲ ಡಿಸೆಂಬರ್‌ನಿಂದ ಏಪ್ರಿಲ್.

ತರಕಾರಿ ಕೊಳ್ಳುವಾಗ ಎರಡು ಗುಂಪು ಮಾಡಿಕೊಳ್ಳುವುದು ಒಳ್ಳೆಯದು: ಹೆಚ್ಚುವವರೆಗೆ ಕೆಡದವು, ಎರಡು ದಿನದಲ್ಲಿ ತಿಂದು ಮುಗಿಸಬೇಕಾದವು. ಮೊದಲ ಗುಂಪಿನ ಹಿರಿಯಣ್ಣ ಮಂಗಳೂರು ಸೌತೆ. ಬೇಸಗೆಯಲ್ಲಿ ಬೆಳೆದ ಸೌತೆಯನ್ನು ಬಾಳೆನಾರಿನಲ್ಲೋ ತೆಂಗಿನ ಹಗ್ಗದಲ್ಲೋ ಕಟ್ಟಿ ಅಟ್ಟದ ಜಂತಿಗೆ ತೂಗುಹಾಕಿ ಮಳೆಗಾಲವಿಡೀ ಬಳಸುವುದು ಈ ಸೀಮೆಯ ಹಳೆಯ ಪದ್ಧತಿ. ಫ್ರಿಜ್ ಇಲ್ಲದ ಕೋಣೆಗೂ ಅದು ಒಗ್ಗುತ್ತದೆ. ಹೆಚ್ಚಿದ ಮೇಲೂ ಒಂದು ಸೌತೆ ಮೂರು ಅಡುಗೆಗೆ ಬರುತ್ತದೆ. ಹೋಳು ಹುಳಿಗೆ, ತಿರುಳು ಸಾರಿಗೆ ಅಥವಾ ದೋಸೆ ಹಿಟ್ಟಿಗೆ, ಸಿಪ್ಪೆ ಚಟ್ನಿಗೆ. ಹೀರೆಯ ಸಿಪ್ಪೆಯ ಚಟ್ನಿ, ಬಾಳೆಕಾಯಿ ಸಿಪ್ಪೆಯ ಪಲ್ಯ, ಕಲ್ಲಂಗಡಿ ಸಿಪ್ಪೆಯ ಬಿಳಿ ಭಾಗದ ದೋಸೆ – ಇವೆಲ್ಲ ಬಡತನದ ಅಡುಗೆ ಎಂದು ಮೂಗು ಮುರಿಯಬೇಕಾದವಲ್ಲ, ರುಚಿಗಾಗಿಯೇ ಉಳಿದುಬಂದವು. ಸುವರ್ಣಗಡ್ಡೆ, ಗೆಣಸು, ಹಲಸಿನ ಬೀಜ, ಈರುಳ್ಳಿಗಳೂ ಕಾಯುತ್ತವೆ. ಬೂದುಕುಂಬಳ, ಸಿಹಿಕುಂಬಳಗಳನ್ನು ಅಂಗಡಿಯಲ್ಲೇ ಹೋಳು ಮಾಡಿ ಕೊಡುತ್ತಾರೆ. ಇಡೀ ಕಾಯಿ ತರಬೇಕಾಗಿಲ್ಲ. ಹರಿವೆ, ಬಸಳೆ, ಅಲಸಂಡೆ, ತೊಂಡೆ, ಬೆಂಡೆ ಎರಡನೆಯ ಗುಂಪು. ಇವನ್ನು ವಾರದ ಆರಂಭದಲ್ಲೇ ತಿಂದು, ಸೌತೆ–ಗಡ್ಡೆಗಳನ್ನು ಕೊನೆಯ ದಿನಗಳಿಗೆ ಉಳಿಸಿದರೆ ಚೆಲ್ಲುವ ಪ್ರಮೇಯ ಬಹುಮಟ್ಟಿಗೆ ತಪ್ಪುತ್ತದೆ. ಬಸಳೆಯ ಎಲೆ, ಎಳೆಯ ದಂಟು ಸಾರಿಗಾದ ಮೇಲೆ ಬಲಿತ ದಂಟಿನ ತುಂಡನ್ನು ಕುಂಡದಲ್ಲಿ ನೆಟ್ಟರೆ ಸುಲಭವಾಗಿ ಚಿಗುರುತ್ತದೆ. ಹಿತ್ತಿಲಿರುವವರಿಗೆ ಮಳೆ ಬಿದ್ದೊಡನೆ ಒಂದೆಲಗ, ತಗಟೆ ಸೊಪ್ಪು, ಕೆಸು ಕಾಸಿಲ್ಲದೆ ಸಿಗುತ್ತವೆ.

ಹೊತ್ತು, ದಿನ, ಋತು ನೋಡಿ ಕೊಳ್ಳುವವರಿಗೆ ಸಂತೆ ಉಪಕಾರಿ. ಆದಿಉಡುಪಿಯಲ್ಲಿ ಬುಧವಾರ, ಸಂತೆಕಟ್ಟೆಯಲ್ಲಿ ಭಾನುವಾರ ಸಂತೆ ಸೇರುತ್ತದೆ. ಸಂತೆಯಲ್ಲಿ ಕಾಲು ಕಿಲೋ ಕೇಳಿದರೂ ಇಲ್ಲವೆನ್ನುವವರು ಕಡಿಮೆ, ಸಂಜೆಯ ಹೊತ್ತಿಗೆ ದರವೂ ಇಳಿಯುತ್ತದೆ. ಹೋಗಿಬರುವ ಬಸ್ಸಿನ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೂರು ಕಿಲೋ ತರಕಾರಿಯಲ್ಲಿ ಉಳಿದದ್ದು ಟಿಕೆಟಿಗೇ ಹೋಗುವುದಾದರೆ ಮನೆ ಹತ್ತಿರದ ಅಂಗಡಿಯೇ ಲೇಸು. ನರ್ಮ್ ಬಸ್ ಎಂದು ಕರೆಯುವ ಸರ್ಕಾರಿ ಸಿಟಿ ಬಸ್ಸು ಸಿಗುವ ದಾರಿಯಲ್ಲಿ ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇರುವುದರಿಂದ ಲೆಕ್ಕ ಬೇರೆ. ಋತುವಿನ ಮಾತಿಗೆ ಕಾಪು ತಾಲ್ಲೂಕಿನ ಮಟ್ಟುಗುಳ್ಳವೇ ಸಾಕ್ಷಿ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಬದನೆ ಹಂಗಾಮಿನ ಮೊದಲ ವಾರಗಳಲ್ಲಿ ಬಲು ತುಟ್ಟಿ, ಮಾಲು ತುಂಬಿ ಬರತೊಡಗಿದ ಮೇಲೆ ಕೈಗೆಟಕುತ್ತದೆ. ಕೆಲವು ವಾರ ಕಾಯುವುದಕ್ಕಿಂತ ಸುಲಭದ ಉಳಿತಾಯ ಮತ್ತೊಂದಿಲ್ಲ.

ತೆಂಗಿನಕಾಯಿ ಇಲ್ಲಿನ ಅಡುಗೆಯ ಜೀವ. 2025ರಲ್ಲಿ ಕಾಯಿಗೂ ತೆಂಗಿನೆಣ್ಣೆಗೂ ಹಿಂದೆಂದೂ ಇಲ್ಲದ ಬೆಲೆ ಬಂದಾಗ ಅದರ ಭಾರ ಕರಾವಳಿಯ ಪ್ರತಿ ಅಡುಗೆಮನೆಗೂ ತಟ್ಟಿತು. ಒಬ್ಬರ ಅಡುಗೆಗೆ ಒಂದು ಕಾಯಿ ಎರಡು–ಮೂರು ದಿನಕ್ಕೆ ಬರುತ್ತದೆ. ಒಡೆದಿಟ್ಟ ಗಡಿ ಮಾತ್ರ ಅಷ್ಟು ದಿನ ಹೊರಗೆ ನಿಲ್ಲುವುದಿಲ್ಲ. ಒಡೆದ ದಿನವೇ ಪೂರ್ತಿ ತುರಿದು, ಒಂದು ಅಡುಗೆಗೆ ಬೇಕಾದಷ್ಟನ್ನು ಬೇರೆ ಬೇರೆ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿದರೆ ಹಾಳಾಗುವುದಿಲ್ಲ. ವಾರದಲ್ಲಿ ಕೆಲವು ದಿನ ಕಾಯಿ ಬೇಡದ ತಿಳಿಸಾರು, ಹುರುಳಿ ಸಾರು, ಗೊಜ್ಜುಗಳನ್ನು ಮಾಡಿದರೆ ವಾರಕ್ಕೆ ಒಂದು ಕಾಯಿಯಾದರೂ ಉಳಿಯುತ್ತದೆ.

ಮೀನು ತಿನ್ನುವವರಿಗೆ ಕ್ಯಾಲೆಂಡರ್ ಮುಖ್ಯ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ನಾಡದೋಣಿಯ ಮೀನು ಮಾತ್ರ, ದರವೂ ಮೇಲೆ. ಮಲ್ಪೆಯ ದೋಣಿಗಳು ಕಡಲಿಗಿಳಿದು ಬಂಗುಡೆ, ಬೂತಾಯಿ ರಾಶಿ ಬೀಳತೊಡಗಿದಾಗ ಬೆಲೆ ಇಳಿಯುತ್ತದೆ. ಅಂಜಲ್, ಮಾಂಜಿಯ ಎದುರು ಬೂತಾಯಿ ಕೀಳೆಂದು ತಿಳಿಯುವುದು ತಪ್ಪು. ಕಡಿಮೆ ದುಡ್ಡಿಗೆ ಪೌಷ್ಟಿಕತೆ ಹೆಚ್ಚು ಸಿಗುವುದು ಅದರಲ್ಲೇ. ನೂರು ರೂಪಾಯಿಗೆ ಇಷ್ಟು ಎಂದು ಎಣಿಕೆಯಲ್ಲಿ ಮಾರುವ ಮೀನುಗಾರ ಮಹಿಳೆಯರ ಬಳಿ ಒಬ್ಬರಿಗೆ ಬೇಕಾದ ಎರಡು–ಮೂರು ಮೀನು ಕೇಳಬಹುದು. ಪಾಲು ಪೂರ್ತಿ ಕೊಂಡರೆ ಅರ್ಧವನ್ನು ಮಸಾಲೆ ಹಚ್ಚಿ ಅಂದೇ ಫ್ರೀಜರಿನಲ್ಲಿಡುವುದು ವಾಸಿ. ಆಟಿ ತಿಂಗಳಿಗೆ ಒಣಮೀನು, ಮೊಟ್ಟೆ, ಹುರುಳಿ ಇದ್ದೇ ಇವೆ.

ಹಾಲಿನಲ್ಲಿ ಸೋರುವುದು ಅಭ್ಯಾಸದಿಂದ. ದಿನವೂ ಅರ್ಧ ಲೀಟರ್ ತಂದರೆ ವಾರಕ್ಕೆ ಮೂರೂವರೆ ಲೀಟರ್ ಆಯಿತು, ಬೇಕಾದದ್ದು ಎರಡು ಲೀಟರಿನ ಆಸುಪಾಸು. ಮೇಲುಳಿದ ಹಾಲು ಮೊಸರಾಗಿ, ಮೊಸರು ಮಜ್ಜಿಗೆಯಾಗಿ, ಮಜ್ಜಿಗೆ ತಂಬುಳಿಯಾದರೆ ಚಿಂತೆಯಿಲ್ಲ. ಇಲ್ಲವಾದರೆ ದಿನ ಬಿಟ್ಟು ದಿನ ಸಾಕು. ಪೊಟ್ಟಣದ ಅಳತೆಯ ಮೇಲೂ ಕಣ್ಣಿರಬೇಕು. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಪ್ರತಿ ಪೊಟ್ಟಣಕ್ಕೆ 50 ಮಿಲಿಲೀಟರ್ ಸೇರಿಸಿ 2 ರೂಪಾಯಿ ಏರಿಸಲಾಯಿತು. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿ, ಪೊಟ್ಟಣ ಹಿಂದಿನ ಅಳತೆಗೆ ಮರಳಿತು. ಬೆಲೆಯೊಂದನ್ನೇ ನೋಡಿದವರಿಗೆ ಈ ಬದಲಾವಣೆ ಪೂರ್ತಿ ಕಾಣುವುದಿಲ್ಲ.

ಅಕ್ಕಿ–ತರಕಾರಿಯಲ್ಲಿ ಉಳಿಸಿದ್ದನ್ನು ನುಂಗುವುದು ಕುರುಕಲು. ಕೇಂದ್ರ ಸರ್ಕಾರದ 2023–24ರ ಮನೆವಾರು ಬಳಕೆ ವೆಚ್ಚ ಸಮೀಕ್ಷೆಯಲ್ಲಿ, ಆಹಾರದ ಖರ್ಚಿನೊಳಗೆ ಅತಿ ದೊಡ್ಡ ಪಾಲು ಪಾನೀಯ, ತಿಂಡಿ, ಸಂಸ್ಕರಿಸಿದ ಆಹಾರಗಳದ್ದೇ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ಮನೆಬಾಗಿಲಲ್ಲಿ ದಿನಕ್ಕೆ ಎರಡಾಣೆ ಕೂಡಿಸಿದರೂ ಗಂಟಾಗುತ್ತದೆಂದು ಈ ಸೀಮೆಗೆ ತೋರಿಸಿತ್ತು. ದಿನಕ್ಕೆ 20 ರೂಪಾಯಿಯ ಚಿಪ್ಸ್ ಪೊಟ್ಟಣ ಅದೇ ಲೆಕ್ಕವನ್ನು ಹಿಂದುಮುಂದಾಗಿ ನಡೆಸುತ್ತದೆ: ವಾರಕ್ಕೆ 140, ವರ್ಷಕ್ಕೆ 7,300 ರೂಪಾಯಿ. ಮೊಬೈಲಿನಲ್ಲಿ ತರಿಸುವವರು ಉಚಿತ ವಿತರಣೆಯ ಮೊತ್ತ ಮುಟ್ಟಿಸಲೆಂದು ಬೇಡದ್ದನ್ನು ಸೇರಿಸುವುದೂ ಇದೇ ಬಗೆಯ ಖರ್ಚು. ಅಕ್ಕಪಕ್ಕದ ಕೋಣೆಯ ಇಬ್ಬರು ಸೇರಿ ಒಂದೇ ಚೀಟಿಯಲ್ಲಿ ತರಿಸಿ ಹಂಚಿಕೊಂಡರೆ ಅದು ತಪ್ಪುತ್ತದೆ, ಹೂಕೋಸಿನಂಥ ದೊಡ್ಡ ತರಕಾರಿಯೂ ಮುಗಿಯುತ್ತದೆ.

ಖರ್ಚು ಇಳಿಸುವ ಭರದಲ್ಲಿ ಕೈಹಾಕಬಾರದ ಒಂದು ಜಾಗವಿದೆ. ಒಬ್ಬರೇ ಇರುವ ಹಿರಿಯರು ‘ಒಬ್ಬಳಿಗೆ ಏನು ಅಡುಗೆ’ ಎಂದು ಎರಡು ಹೊತ್ತೂ ಗಂಜಿ–ಉಪ್ಪಿನಕಾಯಿಯಲ್ಲಿ ಮುಗಿಸಿಬಿಡುವುದುಂಟು. ಗಂಜಿ ಒಳ್ಳೆಯದೇ, ಅದೊಂದೇ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 50 ಕಿಲೋ ತೂಕದವರಿಗೆ ಅದು ಸುಮಾರು 42 ಗ್ರಾಂ. ದಿನದ 250 ಗ್ರಾಂ ಅಕ್ಕಿಯಿಂದ ಸಿಗುವುದು ಅದರ ಅರ್ಧಕ್ಕೂ ಕಡಿಮೆ. ಒಂದು ಹಿಡಿ ಹುರುಳಿ, ಅಂದರೆ 50 ಗ್ರಾಂ, ಇನ್ನೊಂದು 11 ಗ್ರಾಂ ಕೊಡುತ್ತದೆ, 300 ಮಿಲಿಲೀಟರ್ ಹಾಲು ಸುಮಾರು 9 ಗ್ರಾಂ, ಒಂದು ಮೊಟ್ಟೆ 6 ಗ್ರಾಂ. ಮೊಟ್ಟೆ ತಿನ್ನದವರು ಆ ಜಾಗಕ್ಕೆ ಮೊಳಕೆ ಬರಿಸಿದ ಹೆಸರುಕಾಳನ್ನೋ ತೊಗರಿಬೇಳೆಯನ್ನೋ ತರಬಹುದು. ಈ ಮೂರು–ನಾಲ್ಕು ಸಾಮಾನುಗಳನ್ನು ವಾರದ ಚೀಟಿಯ ಮೊದಲ ಸಾಲಿನಲ್ಲೇ ಬರೆದು, ಉಳಿತಾಯವನ್ನು ಅವುಗಳ ಕೆಳಗಿನ ಸಾಲುಗಳಲ್ಲಿ ಹುಡುಕಬೇಕು.